ನನ್ನ ಮಗ ಅಜ್ಜಿಯನ್ನು ನೋಡಿ ನಗಲಿಲ್ಲ: ವಾಹಿನಿಯ ಮುಖ್ಯಸ್ಥರಿಗೆ ಕಾಸರಗೋಡಿನಿಂದ ಒಂದು ಬಹಿರಂಗ ಪತ್ರ

ಗೆ,
ಕಾರ್ಯಕ್ರಮ ವಿಭಾಗದ ಮುಖ್ಯಸ್ಥರು,
ಕನ್ನಡ ಮನರಂಜನಾ ವಾಹಿನಿ, ಬೆಂಗಳೂರು

ಮಾನ್ಯರೇ, ನಮಸ್ಕಾರ.

ನಿಮ್ಮ ವಾಹಿನಿಯಲ್ಲಿ ವಾರದ ಕೊನೆಗೆ ರಾತ್ರಿ ಒಂದು ಆಟ ಬರುತ್ತದೆ. ಒಂದು ಕಡೆ 25 ವರ್ಷದೊಳಗಿನ ನಾಲ್ವರು, ಎದುರು ಕಡೆ 60 ದಾಟಿದ ನಾಲ್ವರು. ಅದರ ಒಂದು ಕಂತಿನಲ್ಲಿ ಹಿರಿಯರ ಸಾಲಿನಲ್ಲಿ ಎರಡನೆಯವರಾಗಿ ನಿಂತಿದ್ದವರು ನನ್ನ ಅಮ್ಮ. ಕಿರಿಯರ ಸಾಲಿನ ಕೊನೆಯಲ್ಲಿ ನಿಂತಿದ್ದವನು ನನ್ನ ಮಗ. ನಾನು ಪ್ರೇಕ್ಷಕರ ಜೊತೆ ಮೂರನೇ ಸಾಲಿನಲ್ಲಿ ಕೂತಿದ್ದೆ. ಅಲ್ಲಿ ಕೂತು ಕಂಡದ್ದು ಒಂದು, ಆಮೇಲೆ ಮನೆಯಲ್ಲಿ ಟಿವಿಯಲ್ಲಿ ಕಂಡದ್ದು ಇನ್ನೊಂದು. ಅದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ವಾಹಿನಿಯ ಹೆಸರು, ಆಟದ ಹೆಸರು, ನಿರೂಪಕರ ಹೆಸರು ಯಾವುದನ್ನೂ ಇಲ್ಲಿ ಹಾಕಿಲ್ಲ. ಹೆಸರು ಹಾಕಿದರೆ ಜನ ಹುಡುಕಿ ತೆಗೆದು ಅದೇ ತುಣುಕನ್ನು ಮತ್ತೆ ನೋಡುತ್ತಾರೆ. ಅಮ್ಮ ಮತ್ತೊಮ್ಮೆ ಎಲ್ಲರ ಮೊಬೈಲಿನಲ್ಲಿ ತಲೆ ತಗ್ಗಿಸಿ ನಿಲ್ಲುವುದು ನನಗೆ ಬೇಡ. ಪತ್ರ ಯಾರಿಗೆ ಅಂತ ನಿಮಗೆ ಗೊತ್ತಾಗುತ್ತದೆ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ಮನೆಯಲ್ಲಿ ತುಳು, ಓದು ಬರಹ ಕನ್ನಡ, ಸರಕಾರಿ ಕಚೇರಿಗೆ ಹೋದರೆ ಮಲಯಾಳಂ. ಇಲ್ಲಿನ ಹೆಚ್ಚಿನ ಮನೆಗಳಲ್ಲಿ ಹೀಗೇ ಎರಡು ಮೂರು ಭಾಷೆ ಒಟ್ಟಿಗೆ ಇರುತ್ತವೆ. ಅಮ್ಮ ಹುಟ್ಟಿದ್ದು 1956ರಲ್ಲಿ. ಆಗ ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅದೇ ವರ್ಷ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಆಗಿನ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಬೇಕು ಎಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿದಾಗ ಅಮ್ಮ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸು. ಆ ಮಾತು ಕಾಗದದಲ್ಲೇ ಉಳಿಯಿತು. 1984ರ ಮೇ ತಿಂಗಳಲ್ಲಿ ಕಾಸರಗೋಡು ಬೇರೆ ಜಿಲ್ಲೆ ಆಯಿತು, ಜೂನ್‌ನಲ್ಲಿ ನಾನು ಒಂದನೇ ಕ್ಲಾಸಿಗೆ ಸೇರಿದೆ. ಅದೂ ಕನ್ನಡ ಶಾಲೆಯೇ. ಮಗ ಹತ್ತನೇ ಕ್ಲಾಸಿನ ಪರೀಕ್ಷೆ ಬರೆದದ್ದೂ ಕನ್ನಡದಲ್ಲೇ. ಇದನ್ನು ಹೇಳಲು ಕಾರಣ ಇದೆ, ಮುಂದೆ ಬರುತ್ತದೆ.

ಅಮ್ಮನಿಗೂ ಮಗನಿಗೂ ಪ್ರಶ್ನೆ ಉತ್ತರದ ಆಟ ಹೊಸದಲ್ಲ. ಚಂದನದಲ್ಲಿ 2002ರಿಂದ ಬರುತ್ತಿರುವ ‘ಥಟ್ ಅಂತ ಹೇಳಿ’ ನಮ್ಮ ಮನೆಯಲ್ಲಿ ಊಟದ ಹಾಗೆ ನಡೆದುಕೊಂಡು ಬಂದಿದೆ. ಡಾ. ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳಿ ಮುಗಿಸುವ ಮೊದಲೇ ಅಮ್ಮ ಅಡುಗೆ ಕೋಣೆಯಿಂದ ಉತ್ತರ ಹೇಳುತ್ತಿದ್ದರು. ಮಗ ಸಣ್ಣದಿರುವಾಗ ಅಜ್ಜಿಯ ಮಡಿಲಲ್ಲಿ ಕೂತು ಕೇಳಿದ. ದೊಡ್ಡವನಾದ ಮೇಲೆ ಇಬ್ಬರಿಗೂ ಪೈಪೋಟಿ. ಸೋತವರು ಮಾರನೆಯ ದಿನ ಹಟ್ಟಿಯ ಸೆಗಣಿ ಬಾಚಬೇಕು. ಮಗ ಜಾಸ್ತಿ ಬಾಚಿದ್ದಾನೆ. ಅಲ್ಲಿ ಬಹುಮಾನ ಅಂದರೆ ಪುಸ್ತಕ. ಸ್ಪರ್ಧಿಗಳು ಸರಿ ಹೇಳಲಿ ತಪ್ಪು ಹೇಳಲಿ, ಯಾರೂ ಯಾರನ್ನೂ ನೋಡಿ ಹಲ್ಲು ಕಿರಿಯುವುದಿಲ್ಲ.

ನಿಮ್ಮ ಆಟಕ್ಕೆ ಅರ್ಜಿ ಹಾಕಿದವನು ಮಗನೇ. ನಿಮ್ಮ ಕಡೆಯವರು ಫೋನ್ ಮಾಡಿ, ಒಂದೇ ಮನೆಯ ಅಜ್ಜಿ ಮೊಮ್ಮಗ ಎದುರುಬದುರು ನಿಂತರೆ ಚೆನ್ನಾಗಿರುತ್ತದೆ ಎಂದರು. ನಮಗೂ ಹಾಗೇ ಅನಿಸಿತು. ಅಮ್ಮ ಪೆಟ್ಟಿಗೆಯಿಂದ ಹಸಿರು ಅಂಚಿನ ಸೀರೆ ತೆಗೆದು ಎರಡು ದಿನ ಬಿಸಿಲಿಗೆ ಹಾಕಿದರು. ಸಂಜೆ ಕಾಸರಗೋಡಿನಲ್ಲಿ ರೈಲು ಹತ್ತಿದೆವು. ಬೆಳಿಗ್ಗೆ ಬೆಂಗಳೂರು.

ಒಂಬತ್ತು ಗಂಟೆಗೆ ಬರಹೇಳಿದ್ದಿರಿ. ಬಂದೆವು. ಅಮ್ಮನ ಸರದಿ ಬಂದಾಗ ರಾತ್ರಿ ಎಂಟೂವರೆ. ಅಲ್ಲಿಯವರೆಗೆ ಆ ನಾಲ್ವರು ಹಿರಿಯರು ಏಸಿ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಊಟ ಕೊಟ್ಟಿರಿ, ಇಲ್ಲ ಅನ್ನುವುದಿಲ್ಲ. ಆದರೆ ಒರಗಿಕೊಳ್ಳಲು ಒಂದು ಜಾಗ ಇರಲಿಲ್ಲ. ಆಟ ಶುರುವಾಗುವ ಹತ್ತು ನಿಮಿಷ ಮೊದಲು ಒಬ್ಬ ಹುಡುಗ ಬಂದು ಇಂಗ್ಲಿಷಿನಲ್ಲಿದ್ದ ಆರು ಪುಟದ ಕರಾರಿಗೆ ಸಹಿ ಹಾಕಿಸಿಕೊಂಡ. "ಸುಮ್ನೆ ಫಾರ್ಮಾಲಿಟಿ ಅಮ್ಮ" ಅಂದ. ಅಮ್ಮ ಕನ್ನಡದಲ್ಲಿ, ತಮ್ಮ ಗುಂಡು ಅಕ್ಷರದಲ್ಲಿ ಸಹಿ ಹಾಕಿದರು. ಆ ಕರಾರಿನ ಮಾತು ಆಮೇಲೆ ಬರುತ್ತದೆ.

ನಿರೂಪಕರು ಅಮ್ಮನನ್ನು ಪರಿಚಯ ಮಾಡಿಸಿದ್ದು "ಕೇರಳದಿಂದ ಬಂದಿರೋ ಅಜ್ಜಿ" ಎಂದು. ಎರಡು ಮಾತು ಆದ ಮೇಲೆ, "ಕನ್ನಡ ಎಷ್ಟು ಚೆನ್ನಾಗಿ ಕಲ್ತಿದ್ದೀರಾ!" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಅಮ್ಮ ಹೇಳಿದರು, "ಕಲ್ತದ್ದು ಅಂತ ಎಂತ ಇಲ್ಲ ಮಗಾ, ಸಣ್ಣದಿರುವಾಗಲೇ ಕನ್ನಡ ಶಾಲೆಗೆ ಹೋದದ್ದು." ಸ್ಟುಡಿಯೋದಲ್ಲಿ ಚಪ್ಪಾಳೆ ಬಿತ್ತು. ಟಿವಿಯಲ್ಲಿ ಅಮ್ಮನ ಉತ್ತರ ಇಲ್ಲ, ನಿರೂಪಕರ ಮೆಚ್ಚುಗೆ ಮಾತ್ರ ಇದೆ. ಮದರಾಸು ಸರಕಾರ 1949ರಲ್ಲಿ ರಾಷ್ಟ್ರಕವಿ ಎಂದು ಕರೆದ ಗೋವಿಂದ ಪೈಗಳು ನಮ್ಮ ಮಂಜೇಶ್ವರದವರು. ನೂರು ವರ್ಷ ತುಂಬಿ 2015ರಲ್ಲಿ ತೀರಿಕೊಂಡ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಮನೆ ನಮ್ಮ ಬದಿಯಡ್ಕದ ಹತ್ತಿರವೇ. ಈ ನೆಲದ ಮುದುಕಿಯೊಬ್ಬರಿಗೆ ಕನ್ನಡ ಕಲಿತದ್ದಕ್ಕೆ ಶಹಬ್ಬಾಸ್ ಹೇಳಿದರೆ ನಮಗೆ ಹೇಗಾಗುತ್ತದೆ ಎಂದು ಸ್ವಲ್ಪ ಯೋಚನೆ ಮಾಡಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೂರನೇ ಸುತ್ತು. ಬಜರ್ ಒತ್ತಿ ಮೂರು ಸೆಕೆಂಡಿನಲ್ಲಿ ಉತ್ತರ ಹೇಳಬೇಕು. ಪ್ರಶ್ನೆ: ದಾರಿ ಬದಿಯಲ್ಲಿ ಮಚ್ಚಿನಿಂದ ಕೆತ್ತಿ, ಸ್ಟ್ರಾ ಹಾಕಿ ಕೊಡುವುದು ಏನು? ಅಮ್ಮನೇ ಮೊದಲು ಒತ್ತಿದರು. ಅಡಿಕೆ ಸುಲಿದು ಸುಲಿದು ಬೆರಳಿನ ಗಂಟು ದಪ್ಪ ಆಗಿದೆ, ಆದರೂ ಅವರೇ ಮೊದಲು. "ಬೊಂಡ" ಅಂದರು.

ನಿರೂಪಕರು ಒಂದು ಕ್ಷಣ ಸುಮ್ಮನಾದರು. ಆಮೇಲೆ, "ಅಮ್ಮಾ, ಬೊಂಡಕ್ಕೆ ಚಟ್ನಿ ಹಾಕ್ತಾರೆ, ಸ್ಟ್ರಾ ಅಲ್ಲ!" ಸ್ಟುಡಿಯೋ ಇಡೀ ನಕ್ಕಿತು. ತಪ್ಪು ಎಂದು ಕೆಂಪು ದೀಪ ಹತ್ತಿತು.

ಮಾನ್ಯರೇ, ಮಂಗಳೂರಿನಿಂದ ಕಾಸರಗೋಡಿನವರೆಗೆ ಎಳನೀರಿಗೆ ಬೊಂಡ ಅನ್ನುತ್ತಾರೆ. ನಮ್ಮಲ್ಲಿ ಜ್ವರ ಬಂದವರಿಗೆ ಬೊಂಡ, ಬಿಸಿಲಿನಲ್ಲಿ ಬಂದವರಿಗೆ ಬೊಂಡ, ದೈವಕ್ಕೆ ಬೊಂಡ. ಎಣ್ಣೆಯಲ್ಲಿ ಕರಿದ ಬೊಂಡ ನಮಗೂ ಗೊತ್ತು, ಹೋಟೆಲಿನಲ್ಲಿ ತಿನ್ನುತ್ತೇವೆ. ಹೇಳುವಾಗ ಯಾವುದು ಯಾವುದೆಂದು ಕೇಳಿದವರಿಗೆ ತಿಳಿಯುತ್ತದೆ. ಮಚ್ಚಿನಿಂದ ಕೆತ್ತಿ ಸ್ಟ್ರಾ ಹಾಕುವುದು ಎಂದು ನೀವೇ ಹೇಳಿದ್ದಿರಲ್ವಾ? ಅದಕ್ಕೆ ಉತ್ತರ ಬೊಂಡವೇ.

ಆಗ ನನ್ನ ಮಗ ಕೈ ಎತ್ತಿದ. ಎದುರಾಳಿ ತಂಡದಲ್ಲಿ ನಿಂತವನು. ಅಜ್ಜಿಗೆ ಅಂಕ ಸಿಕ್ಕಿದರೆ ಅವನ ತಂಡಕ್ಕೆ ನಷ್ಟ. ಆದರೂ ಹೇಳಿದ, "ಸರ್, ಅಜ್ಜಿ ಹೇಳಿದ್ದು ಸರಿ. ನಮ್ಮಲ್ಲಿ ಎಳನೀರಿಗೆ ಬೊಂಡ ಅಂತಲೇ ಹೇಳುವುದು." ಅವನ ಪಕ್ಕದಲ್ಲಿದ್ದ ಮೈಸೂರು ಕಡೆಯ ಹುಡುಗಿಯೂ, "ಹೌದಾ? ಹಾಗಾದ್ರೆ ಕೊಡಿ ಸರ್" ಅಂದಳು. ನಿರೂಪಕರು ಕಿವಿಯಲ್ಲಿದ್ದ ಯಂತ್ರಕ್ಕೆ ಬೆರಳು ಒತ್ತಿ ಏನೋ ಕೇಳಿಸಿಕೊಂಡರು. "ಕಾರ್ಡಿನಲ್ಲಿ ಎಳನೀರು ಅಂತಿದೆ, ಮುಂದಕ್ಕೆ ಹೋಗೋಣ" ಅಂದರು. ಮುಂದಕ್ಕೆ ಹೋದರು.

ಇಷ್ಟೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಆ ರಾತ್ರಿ ಹೋಟೆಲಿಗೆ ಬರುವಾಗ ಅಮ್ಮ ಖುಷಿಯಲ್ಲೇ ಇದ್ದರು. ಮೊಮ್ಮಗ ತನ್ನ ಪರವಾಗಿ ಮಾತಾಡಿದ್ದನ್ನು ರೈಲಿನಲ್ಲಿ ಪಕ್ಕದ ಸೀಟಿನವರಿಗೂ ಹೇಳಿದರು. ಊರಿಗೆ ಬಂದ ಮೇಲೆ ಇಡೀ ವಠಾರಕ್ಕೆ ಹೇಳಿದರು. ಕಂತು ಬರುವ ದಿನ ನಮ್ಮ ಮನೆಯ ಚಾವಡಿಯಲ್ಲಿ ಇಪ್ಪತ್ತಕ್ಕಿಂತ ಜಾಸ್ತಿ ಜನ. ಅಮ್ಮ ಚಾ ಮಾಡಿ, ಅವಲಕ್ಕಿ ಕಲಸಿ, ಮುಂದಿನ ಸಾಲಿನಲ್ಲಿ ಕೂತರು.

ಪ್ರಶ್ನೆ ಬಂತು. ಅಮ್ಮ "ಬೊಂಡ" ಅಂದದ್ದು ಬಂತು. ಚಟ್ನಿಯ ಮಾತು ಬಂತು. ಆಮೇಲೆ ಬಂದದ್ದು ನನ್ನ ಮಗನ ಮುಖ. ಪರದೆ ತುಂಬ. ಬಾಯಿ ತೆರೆದು, ಹೊಟ್ಟೆ ಹಿಡಿದು ನಗುವ ಮುಖ. ಅದರ ಹಿಂದೆ ಟೊಂಯ್ ಅಂತ ಒಂದು ಸದ್ದು. ಆಮೇಲೆ ತಲೆ ತಗ್ಗಿಸಿದ ಅಮ್ಮ. ಮತ್ತೆ ಮಗನ ನಗು, ಈ ಸಲ ನಿಧಾನಗತಿಯಲ್ಲಿ. ಕೆಳಗೆ ದೊಡ್ಡ ಅಕ್ಷರದಲ್ಲಿ: "ಅಜ್ಜಿಗೆ ಮೊಮ್ಮಗನ ಟಕ್ಕರ್!"

ಚಾವಡಿಯಲ್ಲಿ ಯಾರೂ ಮಾತಾಡಲಿಲ್ಲ. ಮಗ ಎದ್ದು ಅಂಗಳಕ್ಕೆ ಹೋದ. ಅಮ್ಮ ಟಿವಿಯನ್ನೇ ನೋಡುತ್ತಾ, ಸಣ್ಣ ದನಿಯಲ್ಲಿ ನನ್ನನ್ನು ಕೇಳಿದರು: "ಅವ ಹಾಗೆ ನಗಾಡಿದ್ದಾ? ನಾನು ಕಾಣಲಿಲ್ಲ ಅಲ್ವಾ?"

ಅವನು ನಕ್ಕದ್ದು ನಿಜ. ಯಾವಾಗ ಎಂದು ನಾನು ಹೇಳುತ್ತೇನೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೈಕ್ ಪರೀಕ್ಷೆ ಮಾಡುವಾಗ ನಿಮ್ಮವರೊಬ್ಬರು ಹುಡುಗರನ್ನು ಹುರುಪಿಗೆ ತರಲು ಒಂದು ತಮಾಷೆ ಹೇಳಿದರು. "ಜೋರಾಗಿ ನಗಿ, ಕ್ಯಾಮೆರಾ ನೋಡ್ಬೇಡಿ" ಅಂದರು. ನಾಲ್ವರೂ ನಕ್ಕರು. ಆ ಹೊತ್ತಿಗೆ ಹಿರಿಯರು ಒಳಗೆ ಕೋಣೆಯಲ್ಲಿದ್ದರು. ಸಾಕ್ಷಿ ಬೇಕಾದರೆ ನಿಮ್ಮ ಕಂತಿನಲ್ಲೇ ಇದೆ. ಮಧ್ಯಾಹ್ನ ಊಟ ಆದ ಮೇಲೆ ಎಲ್ಲರ ಎದೆಗೂ ನಂಬರಿನ ಹಳದಿ ಸ್ಟಿಕ್ಕರ್ ಅಂಟಿಸಿದಿರಿ. ಮಗನದ್ದು ನಾಲ್ಕನೇ ನಂಬರು. ಆಟದ ಉದ್ದಕ್ಕೂ ಅದು ಅವನ ಅಂಗಿಯ ಮೇಲೆ ಕಾಣುತ್ತದೆ. ಆ ನಗುವ ದೃಶ್ಯದಲ್ಲಿ ಮಾತ್ರ ಸ್ಟಿಕ್ಕರ್ ಇಲ್ಲ. ನಾನು ಹತ್ತು ಸಲ ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಇದನ್ನು ಅಮ್ಮನಿಗೂ ತೋರಿಸಿದೆ. ಅವರು ಕನ್ನಡಕ ಒರೆಸಿ ನೋಡಿ, "ಹೌದು, ಸ್ಟಿಕ್ಕರ್ ಇಲ್ಲ" ಅಂದರು. ಮನೆಯೊಳಗಿನ ಸಂಶಯ ಅಲ್ಲಿಗೆ ಮುಗಿಯಿತು. ಆದರೆ ಊರಿಗೆ ಇಡೀ ನಾನು ಸ್ಟಿಕ್ಕರ್ ತೋರಿಸಿಕೊಂಡು ಹೋಗಲಿಕ್ಕಾಗುತ್ತದಾ?

ಆ ಹದಿನೈದು ಸೆಕೆಂಡಿನ ತುಣುಕನ್ನು ನೀವು ಪ್ರೋಮೋ ಮಾಡಿದಿರಿ. ಅದು ವಾಟ್ಸಾಪಿನಲ್ಲಿ ನಮ್ಮ ನೆಂಟರ ಗುಂಪಿಗೂ, ಮಗನ ಕಾಲೇಜಿನ ಗುಂಪಿಗೂ, ಗಲ್ಫಿನಲ್ಲಿರುವ ನನ್ನ ತಂಗಿಗೂ ತಲುಪಿತು. ಮಗ ದಿನಾ ರೈಲಿನಲ್ಲಿ ಮಂಗಳೂರಿಗೆ ಕಾಲೇಜಿಗೆ ಹೋಗುವವನು. ರೈಲಿನಲ್ಲಿ ಅವನನ್ನು "ಟಕ್ಕರ್" ಎಂದು ಕರೆಯಲು ಶುರು ಮಾಡಿದರು. ಒಂದು ಮದುವೆಯಲ್ಲಿ ದೂರದ ನೆಂಟರೊಬ್ಬರು, "ಸಾಕಿದ ಅಜ್ಜಿಯನ್ನೇ ನಗಾಡಿದವ ಇವನಾ?" ಅಂತ ಎಲ್ಲರ ಎದುರು ಕೇಳಿದರು. ನಾನು ಕೆಲಸಕ್ಕೆ ಹೋಗುವಾಗ ಅವನನ್ನು ನೋಡಿಕೊಂಡವರು ಆ ಅಜ್ಜಿಯೇ. ಆ ಮದುವೆಯಲ್ಲಿ ಅವನ ಎಲೆಗೆ ಅನ್ನ ಬಡಿಸುತ್ತಿದ್ದರು, ಊಟ ಬಿಟ್ಟು ಎದ್ದು ಹೋದ.

ಅಜ್ಜಿ ಹೇಳಿದ್ದು ಸರಿ ಎಂದು ಅವನು ಕೈ ಎತ್ತಿ ಹೇಳಿದ ಮಾತು ಕಂತಿನಲ್ಲಿ ಬರಲೇ ಇಲ್ಲ. ನೀವು ಬಿಟ್ಟದ್ದು ಅದೊಂದನ್ನೇ ಅಲ್ಲ. ಇನ್ನೂ ಎರಡು ಇವೆ. ಹಳೆಯ ವಸ್ತುಗಳ ಚಿತ್ರ ತೋರಿಸುವ ಸುತ್ತಿನಲ್ಲಿ ಹುಲ್ಲಿನ ಹಗ್ಗದಿಂದ ಬಿಗಿದ ಅಕ್ಕಿ ಮುಡಿಯನ್ನು ಒಬ್ಬ ಹುಡುಗ ಜೇನುಗೂಡು ಅಂದ. ಅದು ಟಿವಿಯಲ್ಲಿ ಬಂತು. ಮುಂದಿನ ಚಿತ್ರ ಮುಟ್ಟಾಳೆ, ಅಂದರೆ ಅಡಿಕೆ ಹಾಳೆಯ ಟೋಪಿ. ನನ್ನ ಮಗ ಅದನ್ನು ಗುರುತಿಸಿ, ಅಡಿಕೆ ಹಾಳೆಯನ್ನು ನೆನೆಸಿ, ಮಡಚಿ ಹೊಲಿಯುವುದು ಹೇಗೆ ಎಂದೂ ಹೇಳಿದ. ರಜೆಯಲ್ಲಿ ತೋಟಕ್ಕೆ ಹೋಗುವಾಗ ಅವನು ಅದನ್ನೇ ಹಾಕಿಕೊಳ್ಳುವುದು. ಅದು ಬರಲಿಲ್ಲ. ಮೊಬೈಲಿನ ಸುತ್ತಿನಲ್ಲಿ ಹಿರಿಯರ ಕಡೆಯ ಒಬ್ಬರು ಪಾಸ್‌ವರ್ಡ್ ಅಂದರೆ ಏನೆಂದು ತಡವರಿಸಿದರು. ಅದು ಬಂತು. ಅಮ್ಮ ಕ್ಯೂಆರ್ ಕೋಡಿನ ಪ್ರಶ್ನೆಗೆ ಸರಿಯಾಗಿ ಉತ್ತರಿಸಿ, ಬದಿಯಡ್ಕ ಪೇಟೆಯಲ್ಲಿ ಮೀನು ತೆಗೆದುಕೊಂಡರೂ ಅದರಲ್ಲೇ ಹಣ ಕೊಡುವುದು ಎಂದರು. ಅದು ಬರಲಿಲ್ಲ.

ಇದರಲ್ಲಿ ಒಂದು ಲೆಕ್ಕಾಚಾರ ಕಾಣುತ್ತದೆ. ಮುದುಕರಿಗೆ ಹೊಸದು ಗೊತ್ತಿರಬಾರದು. ಹುಡುಗರಿಗೆ ಹಳೆಯದು ಗೊತ್ತಿರಬಾರದು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ತಾತ್ಸಾರ ಇರಬೇಕು. ಈ ಅಳತೆಗೆ ಹೊಂದಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿದ್ದೀರಿ. ಅಳತೆಗೆ ಬೇಕಾದದ್ದು ಸಿಗದಿದ್ದಾಗ ಬೆಳಗಿನ ನಗುವನ್ನು ತಂದು ರಾತ್ರಿಗೆ ಅಂಟಿಸಿದ್ದೀರಿ.

ಬಜರಿನ ಬಗ್ಗೆಯೂ ಒಂದು ಮಾತು. ನಾನು ಇಲ್ಲಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಪಿಂಚಣಿ ಹಣವನ್ನು ವಯಸ್ಸಾದವರ ಮನೆ ಬಾಗಿಲಿಗೆ ಕೊಂಡುಹೋಗಿ ಕೊಡುವುದೂ ನಮ್ಮ ಕೆಲಸ. ಅವರು ಸಹಿ ಹಾಕಲು ಐದು ನಿಮಿಷ ತೆಗೆದುಕೊಳ್ಳುತ್ತಾರೆ. ಆದರೆ ಪಾಸ್‌ಪುಸ್ತಕದಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಇದ್ದರೆ ಹಿಡಿಯುವವರೂ ಅವರೇ. ನಿಧಾನ ಬೇರೆ, ತಿಳಿಯದೆ ಇರುವುದು ಬೇರೆ. ಇದನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಜಾಶುವಾ ಹಾರ್ಟ್‌ಶಾರ್ನ್ ಮತ್ತು ಲಾರಾ ಜರ್ಮೈನ್ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಂಡದ್ದನ್ನು ಚಕ್ಕನೆ ಗ್ರಹಿಸುವ ವೇಗ 18–19ರ ವಯಸ್ಸಿನಲ್ಲೇ ತುದಿ ಮುಟ್ಟಿ ಇಳಿಯಲು ಶುರುವಾಗುತ್ತದೆ. ಪದಗಳ ತಿಳಿವಳಿಕೆ ಮಾತ್ರ 60ರ ಕೊನೆ, 70ರ ಶುರುವಿನವರೆಗೂ ಏರುತ್ತಲೇ ಇರುತ್ತದೆ. ನನ್ನ ಅಮ್ಮ ಈಗ ಇರುವುದು ಆ ವಯಸ್ಸಿನಲ್ಲೇ. ಪದ ಬಲ್ಲ ಮುದುಕಿಗೆ ಪದದಲ್ಲೇ ತಪ್ಪು ಹಾಕಿದಿರಿ.

ಕಿವಿಯದ್ದೂ ಹಾಗೇ. ವಯಸ್ಸಾದಂತೆ ಮೊದಲು ಕೇಳದೆ ಹೋಗುವುದು ತೆಳು ದನಿಗಳು. ಸ, ಶ, ತ ಇಂಥ ಅಕ್ಷರಗಳು ಮಸುಕಾಗುತ್ತವೆ. ಸುತ್ತ ಗದ್ದಲ ಇದ್ದರೆ ಇನ್ನೂ ಕಷ್ಟ. ನೀವು ಪ್ರಶ್ನೆ ಓದುವಾಗಲೇ ಹಿಂದಿನಿಂದ ಡ್ರಮ್ಮು ಬಾರಿಸುತ್ತೀರಿ. ಅಮ್ಮನ ಪಕ್ಕದಲ್ಲಿದ್ದ ಹಿರಿಯರು ಎರಡು ಸಲ "ಏನಂದ್ರಿ?" ಎಂದು ಕೇಳಿದ್ದನ್ನೂ ನಗುವಿನ ಸದ್ದು ಸೇರಿಸಿ ತೋರಿಸಿದಿರಿ. ಅವರು ಬಾಗಲಕೋಟೆ ಕಡೆಯಿಂದ ಬಂದಿದ್ದ ನಿವೃತ್ತ ಮೇಷ್ಟ್ರು. ಆ ರಾತ್ರಿ ಅವರ ಮನೆಯಲ್ಲಿ ಏನಾಯಿತೋ.

ಕಿರಿಯರು ಹಿರಿಯರು ಎದುರುಬದುರು ಆಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಈ ಮಾದರಿ ಹಳೆಯದು. ಅಮೆರಿಕದ ಎಬಿಸಿ ವಾಹಿನಿಯಲ್ಲಿ 1969ರಲ್ಲೇ ‘ದ ಜನರೇಷನ್ ಗ್ಯಾಪ್’ ಎಂಬ ಆಟ ಇತ್ತು. ಅದರಲ್ಲಿ ಹುಡುಗರಿಗೆ ಹಿರಿಯರ ಕಾಲದ ಪ್ರಶ್ನೆ, ಹಿರಿಯರಿಗೆ ಹುಡುಗರ ಕಾಲದ ಪ್ರಶ್ನೆ. ಅದೇ ವಾಹಿನಿ 2022ರಲ್ಲಿ ಹತ್ತಿರ ಹತ್ತಿರ ಅದೇ ಹೆಸರಿನಲ್ಲಿ ಇನ್ನೊಂದು ಆಟ ತಂದಾಗ ಒಬ್ಬ ಹಿರಿಯ, ಒಬ್ಬ ಕಿರಿಯ ಸೇರಿ ಒಂದು ತಂಡ. ಒಬ್ಬರಿಗೆ ಇನ್ನೊಬ್ಬರ ಕಾಲದ ಪ್ರಶ್ನೆ. ದಾರಿಗಳು ಇವೆ ಎನ್ನಲು ಇದನ್ನು ಹೇಳಿದೆ.

ನಿಜ ಹೇಳಬೇಕೆಂದರೆ ಅಷ್ಟು ದೂರ ಹೋಗುವುದೂ ಬೇಡ. ನಮ್ಮಲ್ಲಿ ಬೇಸಗೆಯ ಕೊನೆಗೆ ಬರುವ ಪತ್ತನಾಜೆ ಕಳೆದರೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಮಳೆಗಾಲ ಇಡೀ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಹಾಡುತ್ತಾರೆ, ಪಾತ್ರದ ಮಾತಾಡುವ ಅರ್ಥಧಾರಿಗಳು ಎದುರುಬದುರು ಕೂತು ಮಾತಿನಲ್ಲೇ ಹೋರಾಡುತ್ತಾರೆ. ಕಳೆದ ಆಟಿ ತಿಂಗಳಲ್ಲಿ ನಮ್ಮ ದೇವಸ್ಥಾನದ ಸಭಾಭವನದಲ್ಲಿ ಪರಶುರಾಮನಾಗಿ ಕೂತವರು ಎಪ್ಪತ್ತೈದರ ಹಿರಿಯರು. ಭೀಷ್ಮನಾಗಿ ಕೂತವನು ಇನ್ನೂ ಕಾಲೇಜಿಗೆ ಹೋಗುವ ಹುಡುಗ. ಹೊರಗೆ ಮಳೆ ಹೊಡೆಯುತ್ತಿತ್ತು. ಮಾತಿನ ಮಧ್ಯೆ ಹುಡುಗನಿಗೆ ಎಳೆ ತಪ್ಪಿತು. ಬಾಯಿ ಒಣಗಿತು. ಕೈಯಲ್ಲಿದ್ದ ಶಾಲಿನ ತುದಿಯನ್ನು ಸುರುಟಿಕೊಂಡು ಕೂತ. ಅಷ್ಟರಲ್ಲಿ ಪರಶುರಾಮ ಸಿಟ್ಟಿನ ದನಿಯಲ್ಲೇ, "ಏನು ಭೀಷ್ಮಾ, ವಿದ್ಯೆ ಕೊಟ್ಟವನ ಮೇಲೆ ಬಾಣ ಹೂಡುವುದು ಧರ್ಮವಾ ಎಂದು ಯೋಚಿಸುತ್ತಾ ಇದ್ದೀಯಾ? ಹೇಳು!" ಅಂದರು. ಹುಡುಗನಿಗೆ ಎಳೆ ಸಿಕ್ಕಿತು. ಆಮೇಲೆ ಅವನು ಆಡಿದ ಮಾತಿಗೆ ಹಿರಿಯರೇ ಎರಡು ಸಲ ಉತ್ತರ ಹುಡುಕಬೇಕಾಯಿತು. ಮುಕ್ಕಾಲು ಗಂಟೆ ಇಬ್ಬರೂ ಬಿಟ್ಟುಕೊಡಲಿಲ್ಲ. ಸಭೆ ಮಳೆಯನ್ನೇ ಮರೆತು ಕೂತಿತ್ತು. ಮುಗಿದ ಮೇಲೆ ಹುಡುಗ ಹಿರಿಯರ ಕಾಲು ಮುಟ್ಟಿದ. ಅವರು ಅವನ ಬೆನ್ನಿಗೆ ಒಂದು ಪೆಟ್ಟು ಕೊಟ್ಟು, "ಮುಂದಿನ ಸಲ ನನ್ನನ್ನು ಕಾಯಬೇಡ" ಅಂದರು.

ನನ್ನ ಅಮ್ಮ ಮತ್ತು ಮಗ ಬೆಂಗಳೂರಿನ ರೈಲು ಹತ್ತಿದ್ದು ಇಂಥ ಒಂದು ಆಟ ಆಡಲು. ಅಲ್ಲಿ ಅವರು ಆಡಿದ್ದೂ ಅದನ್ನೇ. ಎದುರಾಳಿಗೆ ಸಲ್ಲಬೇಕಾದ ಅಂಕಕ್ಕಾಗಿ ಎದುರಾಳಿಯೇ ಕೈ ಎತ್ತಿದ. ಅದಕ್ಕಿಂತ ಒಳ್ಳೆಯ ದೃಶ್ಯ ನಿಮ್ಮ ಆ ಇಡೀ ಕಂತಿನಲ್ಲಿ ಇರಲಿಲ್ಲ. ನಿಮ್ಮ ಐದಾರು ಕ್ಯಾಮೆರಾ ಅದನ್ನು ಹಿಡಿದಿವೆ. ಸಂಕಲನ ಮಾಡುವ ಮೇಜಿನ ಮೇಲೆ ಆ ದೃಶ್ಯ ಇತ್ತು, ಈ ನಗುವೂ ಇತ್ತು. ನಿಮ್ಮವರು ನಗುವನ್ನು ಆರಿಸಿಕೊಂಡರು.

ನಾನು ಮೊದಲೇ ನಿಮಗೆ ದೂರು ಕೊಟ್ಟಿದ್ದೆ. 2021ರಲ್ಲಿ ತಿದ್ದಿದ ಕೇಬಲ್ ಟಿವಿ ನಿಯಮಗಳ ಪ್ರಕಾರ ದೂರು ಬಂದ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, 15 ದಿನದೊಳಗೆ ತೀರ್ಮಾನ ತಿಳಿಸಬೇಕು. ನೀವು ಎರಡನ್ನೂ ಸಮಯಕ್ಕೆ ಸರಿಯಾಗಿ ಮಾಡಿದಿರಿ. ಉತ್ತರ ಮಾತ್ರ ಎರಡು ಸಾಲು: ಕರಾರಿನ ಪ್ರಕಾರ ಸಂಕಲನದ ಪೂರ್ಣ ಹಕ್ಕು ವಾಹಿನಿಯದ್ದು, ಕಾರ್ಯಕ್ರಮ ಮನರಂಜನೆಗಾಗಿ ಮಾತ್ರ.

ಕರಾರು ಕತ್ತರಿಸುವ ಹಕ್ಕು ಕೊಡಬಹುದು. ಆಗದೇ ಇದ್ದದ್ದನ್ನು ಆಯಿತು ಎಂದು ತೋರಿಸುವ ಹಕ್ಕನ್ನು ಅಮ್ಮ ನಿಮಗೆ ಬರೆದುಕೊಟ್ಟಿಲ್ಲ. 1994ರ ಕೇಬಲ್ ಟಿವಿ ನಿಯಮಗಳ 6ನೇ ನಿಯಮದಲ್ಲಿ ಯಾವುದನ್ನು ತೋರಿಸಬಾರದು ಎಂಬ ಪಟ್ಟಿ ಇದೆ. ಬೇಕೆಂದೇ ಮಾಡಿದ ಸುಳ್ಳು ಸೂಚನೆ ಮತ್ತು ಅರ್ಧಸತ್ಯ ಅದರಲ್ಲಿದೆ. ಒಂದು ಭಾಷೆಯವರನ್ನು, ಒಂದು ಪ್ರದೇಶದವರನ್ನು ಕೀಳಾಗಿ, ಅಣಕವಾಗಿ ತೋರಿಸುವುದೂ ಅದರಲ್ಲಿದೆ. ಬೆಳಗಿನ ನಗು ಮೊದಲನೆಯದಕ್ಕೆ ಸೇರುತ್ತದೆ. ಬೊಂಡಕ್ಕೆ ಚಟ್ನಿ ಎರಡನೆಯದಕ್ಕೆ ಸೇರುತ್ತದೆ ಎಂದು ನನ್ನ ತಿಳಿವಳಿಕೆ. ನಿಮ್ಮ ಉತ್ತರ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ವಾಹಿನಿಗಳ ಸ್ವಯಂ ನಿಯಂತ್ರಣ ಸಂಸ್ಥೆಗೆ ಹೋಗಬಹುದು, ಅಲ್ಲಿಂದ ಮುಂದೆ ಕೇಂದ್ರ ಸರಕಾರಕ್ಕೆ. ನಾನು ಹೋಗುತ್ತೇನೆ, ಕಾಗದ ಸಿದ್ಧ ಇದೆ. ಆದರೆ ಅಲ್ಲಿಂದ ತೀರ್ಪು ಬರುವಾಗ ತಿಂಗಳುಗಳೇ ಕಳೆಯಬಹುದು. ಅಷ್ಟರಲ್ಲಿ ಮಗ ಎಷ್ಟು ಮದುವೆಗಳಿಗೆ ಹೋಗದೆ ಉಳಿಯಬೇಕು? ಹಾಗಾಗಿ ನೇರ ನಿಮ್ಮನ್ನೇ ಕೇಳುತ್ತಿದ್ದೇನೆ.

ಮೊದಲು ಆ ಪ್ರೋಮೋ ತುಣುಕನ್ನು ನಿಮ್ಮ ಎಲ್ಲ ಪುಟಗಳಿಂದ ತೆಗೆಯಿರಿ. ಜನ ಹಂಚಿಕೊಂಡದ್ದನ್ನು ನೀವು ಹಿಂದೆ ತರಲಾರಿರಿ, ನನಗೆ ಗೊತ್ತು. ನಿಮ್ಮ ಕೈಯಲ್ಲಿ ಇರುವುದನ್ನಾದರೂ ತೆಗೆಯಿರಿ.

ಎರಡನೆಯದು ಇದಕ್ಕಿಂತ ಮುಖ್ಯ. ಮಗ ಕೈ ಎತ್ತಿ ಹೇಳಿದ ಮಾತನ್ನು, ಹೇಗೆ ಇದೆಯೋ ಹಾಗೆ, ಅದೇ ಆಟದ ಮುಂದಿನ ಕಂತಿನಲ್ಲಿ ಹಾಕಿ. ನಗು ಬೇರೆ ಹೊತ್ತಿನದ್ದು ಎಂದು ನಿರೂಪಕರೇ ಹೇಳಲಿ. ಒಂದು ನಿಮಿಷ ಸಾಕು. ಕೆಳಗೆ ಸಣ್ಣ ಅಕ್ಷರದಲ್ಲಿ ಓಡಿಸುವುದು ಬೇಡ. ಟಕ್ಕರ್ ಎಂದು ಬರೆದ ಅಕ್ಷರ ಎಷ್ಟು ದೊಡ್ಡದಿತ್ತೋ ಇದೂ ಅಷ್ಟೇ ದೊಡ್ಡದಿರಲಿ.

ಬೊಂಡವನ್ನು ಸರಿ ಉತ್ತರ ಎಂದು ಒಪ್ಪಿಕೊಳ್ಳಿ. ಹಿರಿಯರ ತಂಡ ಸೋತದ್ದು ಹತ್ತು ಅಂಕದಲ್ಲಿ, ಆ ಪ್ರಶ್ನೆಗೆ ಇದ್ದದ್ದೂ ಹತ್ತು ಅಂಕ. ಬಹುಮಾನದ ಹಣ ನಮಗೆ ಬೇಡ. ಆದರೆ ಪ್ರಶ್ನೆ ತಯಾರಿಸುವವರ ಕೋಣೆಯಲ್ಲಿ ಕರಾವಳಿಯವರು ಒಬ್ಬರು, ಉತ್ತರ ಕರ್ನಾಟಕದವರು ಒಬ್ಬರು, ಗಡಿಯಾಚೆಯ ಕನ್ನಡ ಬಲ್ಲವರು ಒಬ್ಬರು ಇರಲಿ. ಕಾಸರಗೋಡಿನಂತೆ ಸೊಲ್ಲಾಪುರದಲ್ಲಿ, ಜತ್ತದಲ್ಲಿ, ಆದೋನಿಯಲ್ಲಿ, ತಾಳವಾಡಿಯಲ್ಲೂ ಕನ್ನಡದವರು ಇದ್ದಾರೆ. ಅವರ ಬಾಯಲ್ಲೂ ನಿಮ್ಮ ಕಾರ್ಡಿನಲ್ಲಿ ಇಲ್ಲದ ಸರಿ ಉತ್ತರಗಳು ಇರುತ್ತವೆ. ನಮ್ಮನ್ನು ಪರಿಚಯ ಮಾಡುವಾಗ ಊರಿನ ಹೆಸರು ಹೇಳಿ. ಕಾಸರಗೋಡು ಎಂದರೆ ಸಾಕು.

ಆಟ ಮುಂದುವರಿಸುವುದಾದರೆ ಪ್ರಶ್ನೆ ಓದಿ ಮುಗಿಯುವವರೆಗೆ ಹಿನ್ನೆಲೆ ಸಂಗೀತ ನಿಲ್ಲಿಸಿ. ಹಿರಿಯರಿಗೆ ಪ್ರಶ್ನೆಯನ್ನು ದೊಡ್ಡ ಅಕ್ಷರದಲ್ಲಿ ಪರದೆಯ ಮೇಲೆ ತೋರಿಸಿ. ಅವರ ಭಾಗವನ್ನು ಮಧ್ಯಾಹ್ನದೊಳಗೆ ಮುಗಿಸಿ ಕಳಿಸಿ. ಕರಾರು ಕನ್ನಡದಲ್ಲಿರಲಿ, ಹಿಂದಿನ ದಿನವೇ ಕೈಗೆ ಸಿಗಲಿ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಮಗನಿಗೆ ಈ ಪತ್ರ ಓದಿ ಹೇಳಿದೆ. ತನ್ನ ಬಗ್ಗೆ ಬರೆದದ್ದು ಜಾಸ್ತಿಯಾಯಿತು, ಅಜ್ಜಿಗೆ ಕ್ಷಮೆ ಕೇಳಿದರೆ ಸಾಕು ಎಂದ. ಅಮ್ಮನಿಗೆ ಓದಿದೆ. ತನಗೇನೂ ಬೇಡ, ಅವನ ಹೆಸರು ಸರಿ ಆದರೆ ಸಾಕು ಎಂದರು. ಇಬ್ಬರದ್ದನ್ನೂ ಹಾಗೇ ಬರೆದಿದ್ದೇನೆ.

ತಿದ್ದುಪಡಿ ಹಾಕುವುದಾದರೆ ಯಾವ ದಿನ, ಎಷ್ಟು ಗಂಟೆಗೆ ಎಂದು ಒಂದು ವಾರ ಮೊದಲೇ ದಯವಿಟ್ಟು ತಿಳಿಸಿ. ಆ ದಿನ ನಮ್ಮ ಚಾವಡಿಯಲ್ಲಿ ಕೂತಿದ್ದ ಎಲ್ಲರನ್ನೂ ಮತ್ತೆ ಕರೆಯಬೇಕು. ಮದುವೆಯಲ್ಲಿ ಆ ಮಾತು ಕೇಳಿದ ನೆಂಟರನ್ನೂ ಕರೆಯುತ್ತೇನೆ. ಅವಲಕ್ಕಿ ಕಲಸಲು ಅಮ್ಮ ಈಗಲೇ ಒಪ್ಪಿದ್ದಾರೆ.

ಇಂತಿ,
ತಮ್ಮ ವಿಶ್ವಾಸಿ,
ಆ ಅಜ್ಜಿಯ ಮಗಳು, ಆ ಹುಡುಗನ ತಾಯಿ
ಬದಿಯಡ್ಕ, ಕಾಸರಗೋಡು ಜಿಲ್ಲೆ